ಮನೆಯಂಗಳದ ಮರಕ್ಕೆ ತೋಟದ ಮರಗಸಿ ಸಲ್ಲದು

ಮಾನ್ಯ ಸಂಪಾದಕರೇ,

ಮುಂಗಾರು ಹತ್ತಿರವಾಗುತ್ತಿದ್ದಂತೆ ಕೊಡಗಿನ ಊರೂರಲ್ಲಿ ಮನೆ ಸುತ್ತಲಿನ ಮರಗಳ ತಲೆ ಕಡಿಸುವ ಕೆಲಸ ಭರದಿಂದ ಸಾಗುತ್ತದೆ. 2018ರ ಆಗಸ್ಟ್ ತಿಂಗಳ ಮಳೆಯನ್ನೂ ಮರುವರ್ಷದ ಭೂಕುಸಿತಗಳನ್ನೂ ಕಣ್ಣಾರೆ ಕಂಡ ಜನರಿಗೆ ಮಾಡಿನ ಮೇಲೆ ಚಾಚಿಕೊಂಡ ಮರವನ್ನು ನೋಡಿದರೆ ಎದೆ ನಡುಗುವುದು ಸಹಜವೇ ಆಗಿದೆ. ಆದರೆ ಮರದ ತುದಿಯನ್ನು ಅರ್ಧಕ್ಕೆ ಹಾರಿಸಿ ಬೋಳು ಕಾಂಡವನ್ನು ನಿಲ್ಲಿಸಿಬಿಟ್ಟರೆ ಮನೆಗೆ ರಕ್ಷಣೆ ಸಿಕ್ಕಿತು ಎಂಬ ನಂಬಿಕೆ ತಪ್ಪು. ಹಾಗೆ ಕಡಿಸಿಕೊಂಡ ಮರ ಕೆಲವೇ ವರ್ಷಗಳಲ್ಲಿ ಮೊದಲಿಗಿಂತ ಹೆಚ್ಚು ಅಪಾಯಕಾರಿಯಾಗುತ್ತದೆ ಎಂಬುದನ್ನು ತಮ್ಮ ಪತ್ರಿಕೆಯ ಮೂಲಕ ಓದುಗರ ಗಮನಕ್ಕೆ ತರಬಯಸುತ್ತೇನೆ.

ಈ ರೂಢಿ ಕಾಫಿ ತೋಟದಿಂದ ಅಂಗಳಕ್ಕೆ ಬಂದದ್ದು. ತೋಟದಲ್ಲಿ ಕಾಫಿಗೆ ಹೂ ಅರಳಿಸುವ ಹೂಮಳೆಯ ನಂತರ, ಮುಂಗಾರಿಗೆ ಮೊದಲು ನೆರಳು ತಗ್ಗಿಸಲು ಮರಗಸಿ, ಅಂದರೆ ನೆರಳುಮರಗಳ ಕೊಂಬೆ ಕಡಿಯುವ ಕೆಲಸ, ಮಾಡುವುದು ಅಗತ್ಯ. ಅಲ್ಲಿ ಹೆಚ್ಚಾಗಿ ಕತ್ತಿಗೆ ಸಿಗುವ ಹಾಲವಾಣವೆಂಬ ನೆರಳುಮರವನ್ನು ಎಲ್ಲಿ ಕಡಿದರೂ ಅದು ಚಿಗುರುತ್ತದೆ, ಅದರ ಗೂಟವನ್ನು ನೆಟ್ಟರೂ ಬೇರು ಬಿಡುತ್ತದೆ. ನುರಿತ ಮರಗಸಿ ಕೆಲಸಗಾರರಂತೂ ತೋಟದ ಕಾಡುಮರಗಳಲ್ಲಿ ಮುಖ್ಯ ಕಾಂಡವನ್ನು ಮುಟ್ಟದೆ, ಬಿಸಿಲು ಬೀಳಲು ಬೇಕಾದಷ್ಟು ಅಡ್ಡಕೊಂಬೆಗಳನ್ನು ಮಾತ್ರ ತೆಗೆಯುತ್ತಾರೆ. ಅದೇ ಕತ್ತಿ ಮನೆಯ ಮುಂದಿನ ಹಲಸು, ಮಾವು, ಬೆಣ್ಣೆಹಣ್ಣಿನ ಮರಗಳಿಗೆ ಬಂದಾಗ ಮಾತ್ರ, ಭಯಗೊಂಡ ಮನೆಯವರ ಒತ್ತಾಯಕ್ಕೋ ದಿನಗೂಲಿಯ ಅವಸರಕ್ಕೋ, ಎಲ್ಲವೂ ಹಾಲವಾಣವೇ ಆಗಿಬಿಡುತ್ತದೆ.

ನಮ್ಮ ಊರಿನ ಒಂದು ಮನೆಯ ಹಲಸಿನ ಮರವನ್ನು ಇಲ್ಲಿ ನೆನೆಯುತ್ತೇನೆ. ತಲೆ ಕಡಿದ ಮೊದಲ ವರ್ಷ ಕಾಂಡದ ತುದಿಯಲ್ಲಿ ಹತ್ತಾರು ಚಿಗುರುಗಳು ಒತ್ತಾಗಿ ಎದ್ದವು, ಮರ ಚೇತರಿಸಿಕೊಂಡಿತೆಂದು ಮನೆಯವರು ಸಂತೋಷಪಟ್ಟರು. ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಅವು ತೊಡೆಯ ಗಾತ್ರದ ಕೊಂಬೆಗಳಾಗಿದ್ದವು. ಒಂದು ಕಕ್ಕಡ ಮಾಸದ ಮಳೆಗಾಳಿಗೆ ಅವುಗಳಲ್ಲಿ ಒಂದು, ತೊಗಟೆಯ ಉದ್ದನೆಯ ಪಟ್ಟಿಯನ್ನೂ ಸೀಳಿಕೊಂಡು ಅಡಿಗೆಮನೆಯ ಹೆಂಚಿನ ಮೇಲೆ ಬಿತ್ತು. ಸೀಳಿದ ಜಾಗದಲ್ಲಿ ಮರ ಕಂದುಬಣ್ಣಕ್ಕೆ ತಿರುಗಿ, ಬೆರಳಲ್ಲಿ ಒತ್ತಿದರೆ ಪುಡಿಯಾಗುವಷ್ಟು ಮೆತ್ತಗಾಗಿತ್ತು. ಇದರ ಕಾರಣ ಸರಳ. ಸಹಜವಾಗಿ ಬೆಳೆದ ಕೊಂಬೆಯ ಬುಡ ವರ್ಷವರ್ಷವೂ ಕಾಂಡದ ಒಳಗೆ ಹುದುಗುತ್ತಾ ಹೋಗುತ್ತದೆ. ಕಡಿದ ಮೇಲೆ ತರಾತುರಿಯಲ್ಲಿ ಹುಟ್ಟುವ ಚಿಗುರು ಕಾಂಡದ ಹೊರಪದರಕ್ಕಷ್ಟೇ ಅಂಟಿಕೊಂಡಿರುತ್ತದೆ. ಅದರ ಕೆಳಗೆ ತೆರೆದ ಗಾಯದಲ್ಲಿ ಮಳೆನೀರು ಇಳಿದು ಶಿಲೀಂಧ್ರ ಸೇರಿದಾಗ, ಭಾರ ಹೆಚ್ಚುತ್ತಲೇ ಹಿಡಿತ ಸಡಿಲವಾಗುತ್ತದೆ.

ಸಾವಿರಾರು ಮರಗಳನ್ನು ಸೀಳಿ ಪರೀಕ್ಷಿಸಿದ ಅಮೆರಿಕದ ಅರಣ್ಯ ವಿಜ್ಞಾನಿ ಅಲೆಕ್ಸ್ ಶೈಗೊ ಅವರು, ಮರ ತನ್ನ ಗಾಯವನ್ನು ನಮ್ಮ ಚರ್ಮದಂತೆ ವಾಸಿ ಮಾಡಿಕೊಳ್ಳುವುದಿಲ್ಲ, ಕೊಳೆತ ಭಾಗದ ಸುತ್ತ ತಡೆಗೋಡೆ ಕಟ್ಟಿಕೊಂಡು ಅದರ ಹೊರಗೆ ಕಾಂಡದ ಹೊಸ ಪದರವನ್ನು ಬೆಳೆಸಿಕೊಳ್ಳುತ್ತದೆ ಎಂದು ತೋರಿಸಿಕೊಟ್ಟರು. ಆದ್ದರಿಂದ ಎಲ್ಲಿ ಕಡಿಯುತ್ತೇವೆ ಎಂಬುದು ಮುಖ್ಯ. ಕೊಂಬೆ ಕಾಂಡವನ್ನು ಸೇರುವಲ್ಲಿ ಬಳೆಯಂತೆ ಉಬ್ಬಿದ ಭಾಗವೊಂದು ಇರುತ್ತದೆ. ಆ ಉಬ್ಬನ್ನು ಉಳಿಸಿ, ಅದರ ಹೊರಗೆ, ಮೋಟು ಬಿಡದಂತೆ ಗರಗಸದಲ್ಲಿ ಕೊಯ್ದರೆ ಗಾಯ ಬೇಗ ಮುಚ್ಚಿಕೊಳ್ಳುತ್ತದೆ. ದಪ್ಪ ಕೊಂಬೆಯಾದರೆ ಮೊದಲು ಕಾಂಡದಿಂದ ಒಂದೆರಡು ಅಡಿ ಆಚೆ ಕೆಳಗಿನಿಂದ ಸ್ವಲ್ಪ ಕೊಯ್ದು, ಬಳಿಕ ಅದಕ್ಕಿಂತ ತುಸು ಹೊರಗೆ ಮೇಲಿನಿಂದ ಕೊಯ್ದು ಭಾರ ಇಳಿಸಿ, ಕೊನೆಗೆ ಉಳಿದ ಮೋಟನ್ನು ತೆಗೆಯಬೇಕು. ಇಲ್ಲವಾದರೆ ಬೀಳುವ ಕೊಂಬೆ ಕಾಂಡದ ತೊಗಟೆಯನ್ನೇ ಎಳೆದುಕೊಂಡು ಹೋಗುತ್ತದೆ. ಒಂದೇ ವರ್ಷದಲ್ಲಿ ಹಸಿರಿನ ಕಾಲು ಭಾಗಕ್ಕಿಂತ ಹೆಚ್ಚು ತೆಗೆಯಬಾರದು. ದಪ್ಪ ಕೊಂಬೆಗಳ ಕೆಲಸವನ್ನು ಮೇ ಕೊನೆಗೆ ತಳ್ಳದೆ ಒಣಹವೆಯ ಫೆಬ್ರುವರಿ, ಮಾರ್ಚ್‌ನಲ್ಲೇ ಮುಗಿಸಿದರೆ ಮಳೆ ಹಿಡಿಯುವ ಮೊದಲು ಗಾಯದ ಅಂಚು ಕೂಡಿಕೊಳ್ಳಲು ಸಮಯ ಸಿಗುತ್ತದೆ.

ಮರ ಬೀಳುವುದಕ್ಕೆ ತಲೆಯ ಭಾರವನ್ನೇ ದೂರುವ ನಾವು ಬುಡದ ಕಡೆ ನೋಡುವುದೇ ಇಲ್ಲ. ಮನೆ ಕಟ್ಟಲು, ದಾರಿ ಮಾಡಲು ಜೆಸಿಬಿ ತಂದು ಬರೆಯನ್ನು, ಅಂದರೆ ಇಳಿಜಾರಿನ ಮಣ್ಣಿನ ದಿಬ್ಬವನ್ನು, ಕತ್ತರಿಸುವಾಗ ಬರೆಯ ಅಂಚಿನ ಮರದ ಒಂದು ಬದಿಯ ಬೇರುಗಳು ಪೂರ್ತಿ ತುಂಡಾಗುತ್ತವೆ, ಮುಂದೊಂದು ಮಳೆಗೆ ಮರ ಬರೆಯನ್ನೂ ಸೇರಿಸಿಕೊಂಡು ಜಾರುತ್ತದೆ. ಕಾಂಡದ ಅಡ್ಡಳತೆ ಒಂದು ಅಡಿಯಿದ್ದರೆ ಸುತ್ತಲೂ ಕನಿಷ್ಠ 12 ಅಡಿಯವರೆಗೆ ಮಣ್ಣು ಅಗೆಯದಿರುವುದು ಒಳ್ಳೆಯದು. ಆಹಾರ ಹೀರುವ ಬೇರುಗಳಲ್ಲಿ ಬಹುಪಾಲು ಮೇಲಿನ ಎರಡು ಅಡಿ ಮಣ್ಣಿನಲ್ಲೇ ಇದ್ದು, ಕೊಂಬೆಗಳ ಹರವನ್ನೂ ದಾಟಿ ಚಾಚಿರುತ್ತವೆ. ಹೀಗಿರುವಾಗ ವಾಹನ ನಿಲ್ಲಿಸಲೆಂದು ಅಂಗಳಕ್ಕೆ ಬುಡದವರೆಗೂ ಇಂಟರ್‌ಲಾಕ್ ಹಾಸುವುದು, ಅಗೆದ ಮಣ್ಣನ್ನು ಕಾಂಡಕ್ಕೆ ಒರಗಿಸಿ ಸುರಿಯುವುದು ಎರಡೂ ಮರವನ್ನು ಉಸಿರುಗಟ್ಟಿಸುತ್ತವೆ. ಬೆಣ್ಣೆಹಣ್ಣಿನ ಮರ ಬುಡದಲ್ಲಿ ನೀರು ನಿಂತರೆ ಬೇರುಕೊಳೆ ರೋಗಕ್ಕೆ ತುತ್ತಾಗುತ್ತದೆ, ಕಿತ್ತಳೆಗೂ ನೀರು ಬಸಿದು ಹೋಗುವ ಮಣ್ಣೇ ಬೇಕು. ಉದುರಿದ ಎಲೆಯನ್ನು ಗುಡಿಸಿ ಸುಡದೆ, ಕಾಂಡದಿಂದ ಒಂದು ಗೇಣು ಬಿಟ್ಟು ಸುತ್ತ ಹರಡಿದರೆ ಅದೇ ಗೊಬ್ಬರ. ಕೊಂಬೆಗಳಲ್ಲಿ ಬಂದಳಿಕೆ ಎಂಬ ಪರಾವಲಂಬಿ ಗಿಡ ಕಂಡರೆ ಹಣ್ಣಾಗಿ ಹಕ್ಕಿಗಳು ಬೀಜ ಹರಡುವ ಮುನ್ನವೇ ತೆಗೆಸಬೇಕು.

ಉಳಿಸಲಾಗದ ಮರಗಳೂ ಇವೆ ಎಂಬುದನ್ನು ಒಪ್ಪುತ್ತೇನೆ. ಬುಡದಲ್ಲಿ ಅಣಬೆ ಎದ್ದಿದ್ದರೆ, ಒಂದು ಬದಿಯ ನೆಲ ಬಿರುಕು ಬಿಟ್ಟು ಮೇಲೆದ್ದಿದ್ದರೆ, ನೆಟ್ಟಗಿದ್ದ ಮರ ಹೊಸದಾಗಿ ವಾಲಿದ್ದರೆ ಬಲ್ಲವರಿಗೆ ತೋರಿಸಿ, ಅಗತ್ಯವಿದ್ದಲ್ಲಿ ಅನುಮತಿ ಪಡೆದು ಪೂರ್ತಿ ತೆಗೆಸುವುದೇ ಸರಿ. ವಿದ್ಯುತ್ ತಂತಿಯ ಬಳಿಯ ಮರಕ್ಕಂತೂ ವಿದ್ಯುತ್ ಸರಬರಾಜು ಸಂಸ್ಥೆಯಾದ ಚೆಸ್ಕಾಂನವರು ಬಂದು ಸಂಪರ್ಕ ಕಡಿತಗೊಳಿಸದೆ ಯಾರನ್ನೂ ಹತ್ತಿಸಬಾರದು. ಅಲ್ಯೂಮಿನಿಯಂ ಏಣಿ ತಂತಿಗೆ ತಗುಲಿ ಬಡ ಕಾರ್ಮಿಕರು ಪ್ರಾಣ ಕಳೆದುಕೊಳ್ಳುವ ಸುದ್ದಿಯನ್ನು ನಮ್ಮ ಜಿಲ್ಲೆಯಲ್ಲಿ ಮತ್ತೆ ಮತ್ತೆ ಓದಬೇಕಾಗಿರುವುದು ಅತ್ಯಂತ ನೋವಿನ ಸಂಗತಿ.

ಪೊನ್ನಂಪೇಟೆಯಲ್ಲಿ ಅರಣ್ಯ ಮಹಾವಿದ್ಯಾಲಯವಿದೆ, ಚೆಟ್ಟಳ್ಳಿಯಲ್ಲಿ ಹಣ್ಣಿನ ಬೆಳೆಗಳ ಮೇಲೆ ಸಂಶೋಧನೆ ನಡೆಸುವ ತೋಟಗಾರಿಕಾ ಪ್ರಯೋಗ ಕೇಂದ್ರವಿದೆ. ಇವುಗಳ ತಜ್ಞರನ್ನು ಕರೆಸಿ, ತೋಟಗಾರಿಕಾ ಇಲಾಖೆ ಮತ್ತು ಗ್ರಾಮ ಪಂಚಾಯಿತಿಗಳು ಪ್ರತಿವರ್ಷ ಜನವರಿಯಲ್ಲಿ ಮರಗಸಿ ಕೆಲಸಗಾರರಿಗೆ ಮನೆಮರಗಳ ಕೊಂಬೆ ಸವರುವ ಪ್ರಾತ್ಯಕ್ಷಿಕೆ ಏರ್ಪಡಿಸಬೇಕು, ಅವರಿಗೆ ಒಳ್ಳೆಯ ಗರಗಸ, ಸುರಕ್ಷಾ ಹಗ್ಗ ಮತ್ತು ವಿದ್ಯುತ್ ಹರಿಯದ ಏಣಿಗಳನ್ನು ರಿಯಾಯಿತಿ ದರದಲ್ಲಿ ಒದಗಿಸಬೇಕು. ತರಬೇತಿ ಪಡೆದವರ ಹೆಸರುಗಳನ್ನು ಪಂಚಾಯಿತಿ ಕಚೇರಿಯಲ್ಲಿ ಪ್ರಕಟಿಸಿದರೆ, ಮಳೆಗಾಲಕ್ಕೆ ಮುನ್ನ ಯಾರನ್ನು ಕರೆಯಬೇಕೆಂದು ಮನೆಯವರಿಗೂ ತಿಳಿಯುತ್ತದೆ.

– ಓರ್ವ ಓದುಗ, ನಾಪೋಕ್ಲು