ನೆರವಿನ ಬಾಗಿಲು ಎಲ್ಲಿದೆ ಅಂತ ಮೊದಲೇ ಬರೆಸಿಡಿ

ವಿಶ್ವಸಂಸ್ಥೆಯ ತುರ್ತು ಪರಿಹಾರ ಸಂಯೋಜಕರಿಗೆ,

ಮಾನ್ಯರೇ, ನಮಸ್ಕಾರ.

ನಾಯಿಗಳ ವಿಚಾರದಿಂದ ಶುರು ಮಾಡುತ್ತೇನೆ. 1995ರ ಜನವರಿಯಲ್ಲಿ ಜಪಾನಿನ ಕೋಬೆ ಭೂಕಂಪಕ್ಕೆ ಸಿಕ್ಕಾಗ, ಸ್ವಿಟ್ಜರ್ಲೆಂಡ್ ತನ್ನ ಶೋಧ ನಾಯಿಗಳನ್ನು ಕಳಿಸಲು ಮುಂದಾಯಿತು. ಅಡ್ಡ ಬಂದದ್ದು ಹೊರಗಿನ ಪ್ರಾಣಿಗಳನ್ನು ಪ್ರತ್ಯೇಕವಾಗಿಡುವ ಕ್ವಾರಂಟೈನ್ ನಿಯಮ. ಹತ್ತು ವರ್ಷದ ನಂತರ ಅಮೆರಿಕದಲ್ಲೂ ಇದೇ ಕಥೆ. ಕತ್ರೀನಾ ಚಂಡಮಾರುತದ ಸಂತ್ರಸ್ತರಿಗೆಂದು ಬ್ರಿಟನ್ ಲಕ್ಷಾಂತರ ಊಟದ ಪೊಟ್ಟಣ ಕಳಿಸಿತು. ಬ್ರಿಟಿಷ್ ದನದ ಮಾಂಸಕ್ಕೆ ಹುಚ್ಚು ಹಸು ರೋಗದ ಕಾರಣ ನಿಷೇಧವಿತ್ತು. ಬಹಳಷ್ಟು ಪೊಟ್ಟಣ ಗೋದಾಮು ಸೇರಿದವು.

ಎರಡೂ ನಿಯಮಗಳಲ್ಲಿ ತಪ್ಪೇನೂ ಇರಲಿಲ್ಲ. ನೆಮ್ಮದಿಯ ದಿನಕ್ಕೆ ಬರೆದ ನಿಯಮಗಳವು, ಅಷ್ಟೇ.

ಎಲ್ಲ ದೇಶಗಳೂ ಒಂದೇ ಥರ ಕೆಲಸ ಮಾಡಲಿ ಅಂತ ನಾನು ಕೇಳುತ್ತಿಲ್ಲ. ಅಮೆರಿಕದಲ್ಲಿ ಸಾಮಾನ್ಯವಾಗಿ ರಾಜ್ಯಪಾಲರು ಕೇಳಿದ ಮೇಲೆ ಕೇಂದ್ರದ ನೆರವು ಬರುತ್ತದೆ. ಟರ್ಕಿಯಲ್ಲಿ ಚುಕ್ಕಾಣಿ ಅಫಾದ್ ಎಂಬ ಒಂದೇ ಕೇಂದ್ರ ಸಂಸ್ಥೆಯ ಕೈಯಲ್ಲಿದೆ. ಬಾಂಗ್ಲಾದೇಶ 1970ರ ಭೋಲಾ ಚಂಡಮಾರುತದಲ್ಲಿ ಲಕ್ಷಾಂತರ ಜನರನ್ನು ಕಳೆದುಕೊಂಡ ಮೇಲೆ ಹಳ್ಳಿಹಳ್ಳಿಯಲ್ಲಿ ಸ್ವಯಂಸೇವಕರನ್ನು ಕಟ್ಟಿತು. ಮೂರಕ್ಕೂ ಅದರದ್ದೇ ಕಾರಣ, ಅದರದ್ದೇ ಗಾಯ.

ಬೇಡ ಅನ್ನುವ ಹಕ್ಕನ್ನೂ ಗೌರವಿಸಬೇಕು. 2023ರ ಸೆಪ್ಟೆಂಬರ್ ಭೂಕಂಪದ ನಂತರ ಮೊರಾಕ್ಕೊ ಮೊದಲಿಗೆ ನಾಲ್ಕು ದೇಶಗಳ ತಂಡಗಳನ್ನಷ್ಟೇ ಕರೆಯಿತು. ಜನ ಬೈದರು. ನನಗೇನೋ ಅದು ಅಷ್ಟು ದೊಡ್ಡ ತಪ್ಪು ಅನ್ನಿಸಲಿಲ್ಲ. 2015ರ ನೇಪಾಳ ಭೂಕಂಪದ ನಂತರ ಕಠ್ಮಂಡುವಿನ ಒಂದೇ ರನ್‌ವೇಗೆ ಎಲ್ಲರೂ ಬಂದಿಳಿದದ್ದನ್ನು ನೋಡಿದ್ದೇವಲ್ಲ! ಕೊನೆಗೆ ದೊಡ್ಡ ವಿಮಾನಗಳನ್ನೇ ತಡೆಯಬೇಕಾಯಿತು. ಇಳಿದ ಸಾಮಾನು ಕಸ್ಟಮ್ಸ್‌ನಲ್ಲಿ ನಿಂತಿತು. ಆದರೆ 2008ರ ನರ್ಗಿಸ್ ಚಂಡಮಾರುತದ ನಂತರ ಮ್ಯಾನ್ಮಾರ್ ವಾರಗಟ್ಟಲೆ ಹೊರಗಿನವರನ್ನು ತಡೆದದ್ದು ಬೇರೆಯೇ ಮಾತು. ಕಡೆಗೆ ಆಗ್ನೇಯ ಏಷ್ಯಾ ದೇಶಗಳ ಒಕ್ಕೂಟ ಆಸಿಯಾನ್ ನಡುವೆ ಬಂದ ಮೇಲೆ ದಾರಿ ತೆರೆಯಿತು. ಪರಿಚಯದ ನೆರೆಯವರ ಮಾತಿಗೆ ಬಗ್ಗುವ ಬಾಗಿಲು ಅಪರಿಚಿತರ ಒತ್ತಾಯಕ್ಕೆ ಬಗ್ಗುವುದಿಲ್ಲ, ಅಲ್ವಾ?

ನಿಮ್ಮ ಕಚೇರಿಯೇ ನಡೆಸುವ, ದೇಶದೇಶಗಳ ಶೋಧ ಮತ್ತು ರಕ್ಷಣಾ ತಂಡಗಳ ಜಾಲ ಇನ್ಸರಾಗ್ ಇದಕ್ಕೆ ಒಳ್ಳೆಯ ಮಾದರಿ. 1991ರಲ್ಲಿ ಶುರುವಾದ ಇದು ಶೋಧ ತಂಡಗಳಿಗೆ ಒಂದೇ ಅಳತೆಗೋಲು ಕೊಟ್ಟಿದೆ. ಕುಸಿದ ಮನೆಯ ಗೋಡೆ ಮೇಲೆ ಒಂದು ದೇಶದವರು ಬರೆದ ಗುರುತನ್ನು ಇನ್ನೊಂದು ದೇಶದವರು ಓದಬಲ್ಲರು. ಗೋಡೆಯ ಮೇಲೆ ಆದದ್ದು ಕಸ್ಟಮ್ಸ್ ಕಾಗದದ ಮೇಲೆ ಯಾಕೆ ಆಗಬಾರದು?

ನನ್ನ ಕೋರಿಕೆ ಇಷ್ಟೇ. ಪ್ರತಿ ದೇಶವೂ ಒಂದು ಪುಟ ಬರೆದು ನಿಮಗೆ ಕೊಡಲಿ. ನೆರವು ಕೇಳುವ ಸಹಿ ಯಾರದ್ದು? ಹೊರಗಿನ ವೈದ್ಯರಿಗೆ ಅನುಮತಿ ಯಾರು ಕೊಡುತ್ತಾರೆ? ನಾಯಿ, ಔಷಧ, ಉಪಗ್ರಹ ಫೋನ್ ಹೇಗೆ ಒಳಬರಬೇಕು? ಏನು ಬೇಡವೇ ಬೇಡ? ರೆಡ್‌ಕ್ರಾಸ್ ಒಕ್ಕೂಟ ರೂಪಿಸಿದ ಮಾರ್ಗಸೂಚಿ 2007ರಿಂದಲೇ ಇದೆ; ಹೊಸದಾಗಿ ಏನೂ ಕಂಡುಹಿಡಿಯಬೇಕಿಲ್ಲ. ಆ ಪುಟವನ್ನು ಎಲ್ಲರಿಗೂ ಕಾಣುವಂತೆ ಹಾಕಿ. ಬರೆದುಕೊಡದ ದೇಶಗಳ ಹೆಸರನ್ನೂ ಪಕ್ಕದಲ್ಲೇ ಹಾಕಿ.

ಕೋಬೆಯಲ್ಲಿ ಅವಶೇಷಗಳಡಿಯಿಂದ ಹೊರಬಂದವರಲ್ಲಿ ಬಹುಪಾಲು ಜನರನ್ನು ಎತ್ತಿದ್ದು ಮನೆಯವರು, ಅಕ್ಕಪಕ್ಕದವರು. ಹೊರದೇಶದ ತಂಡಕ್ಕೆ ಉಳಿಯುವುದು ಅವರ ಕೈಗೆ ಎಟುಕದ ಕೆಲವರು ಮಾತ್ರ. ಆ ಕೆಲವರಿಗೆ ಕಾಗದ ಹುಡುಕುವಷ್ಟು ಹೊತ್ತು ಇರುವುದಿಲ್ಲ.

ಉತ್ತರದ ನಿರೀಕ್ಷೆಯಲ್ಲಿ,
ಒಬ್ಬ ನಾಗರಿಕ