ಕೆಂಪು ಮಾತ್ರೆಗೆ ಚಹಾ ಬೇಡ, ಲಿಂಬೆ ಇರಲಿ

ಮಾನ್ಯ ಸಂಪಾದಕರೇ,

ಕೊಪ್ಪಳ ಜಿಲ್ಲೆಯ ಹಳ್ಳಿಗಳಲ್ಲಿ ಗರ್ಭಿಣಿಯರಿಗೆ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿ.ಗ್ರಾಂ ಕಬ್ಬಿಣ, 500 ಮೈಕ್ರೊಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಚಹಾ ಕುಡಿದ ಬೆನ್ನಿಗೇ ನುಂಗಿದರೆ ಚಹಾದಲ್ಲಿರುವ ಟ್ಯಾನಿನ್ ಎಂಬ ಒಗರು ಅಂಶ ಕಬ್ಬಿಣವನ್ನು ಕರುಳಲ್ಲೇ ಹಿಡಿದಿಡುತ್ತದೆ. ಕ್ಯಾಲ್ಸಿಯಂ ಮಾತ್ರೆಯೂ ಅಡ್ಡಗಾಲೇ. ಈ ಎರಡು ಮಾತ್ರೆಗಳ ನಡುವೆ ಕನಿಷ್ಠ 2 ತಾಸು ಬಿಡಬೇಕು.

ಜೋಳದ ರೊಟ್ಟಿಯ ಕಬ್ಬಿಣವೂ ಸುಲಭಕ್ಕೆ ಮೈಗೆ ಹತ್ತದು, ಜೋಳದ ಕಾಳಿನಲ್ಲಿರುವ ಫೈಟೇಟ್ ಎಂಬ ಅಂಶ ಬಿಡುವುದಿಲ್ಲ. ಪಲ್ಯದ ಮೇಲೆ ಅರ್ಧ ಲಿಂಬೆ ಹಿಂಡಿದರೆ ಸಿ ಜೀವಸತ್ವ ಕಬ್ಬಿಣವನ್ನು ಕರುಳು ಹೀರಬಲ್ಲ ರೂಪಕ್ಕೆ ತರುತ್ತದೆ. ಹಿಂಡುವುದು ತಾಟಿಗೆ ಬಡಿಸಿದ ಮೇಲೆ. ಕುದಿಯುವಾಗ ಹಾಕಿದರೆ ಕಾವಿಗೆ ಜೀವಸತ್ವ ಹಾಳಾಗುತ್ತದೆ.

ಮಲ ಕಪ್ಪಾಯಿತೆಂದು ಹೆದರಿ ಮಾತ್ರೆ ಬಿಡುವವರಿದ್ದಾರೆ. ಅದು ಹೀರದೆ ಉಳಿದ ಕಬ್ಬಿಣ ಅಷ್ಟೇ. ಮಾತ್ರೆ ಕೈಗಿಡುವಾಗಲೇ ಆಶಾ ಕಾರ್ಯಕರ್ತೆಯರು ಇಷ್ಟನ್ನೂ ಹೇಳುವಂತಾಗಲಿ.

– ಪೋಷಣಾ ತಜ್ಞರು, ಕೊಪ್ಪಳ