ಹಾಜರಿಗೆ ನೌಕರರು, ಕಾಗದಕ್ಕೆ ಸ್ವತಂತ್ರ ವೃತ್ತಿಪರರು: ಕಾರ್ಮಿಕ ಸಚಿವರಿಗೊಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಕಾರ್ಮಿಕ ಸಚಿವರಿಗೆ,

ವಿಷಯ: ನೌಕರರಂತೆ ದುಡಿಸಿಕೊಂಡು ದಾಖಲೆಯಲ್ಲಿ ಮಾತ್ರ ಸ್ವಯಂ ಉದ್ಯೋಗಿಗಳೆಂದು ತೋರಿಸುವ ಪದ್ಧತಿಯ ಕುರಿತು.

ಮಾನ್ಯರೇ,

ಶಿರಸಿಯಲ್ಲಿ ಲೆಕ್ಕಪತ್ರ ಬರೆದು, ಆದಾಯ ತೆರಿಗೆ ರಿಟರ್ನ್ ಸಲ್ಲಿಸಿಕೊಟ್ಟು ಬದುಕುವ ನಾನು ಈ ಪತ್ರವನ್ನು ಯಾವ ಸಂಘಟನೆಯ ಪರವಾಗಿಯೂ ಬರೆಯುತ್ತಿಲ್ಲ. ನನ್ನ ಮೇಜಿಗೆ ಬರುವ ಕಾಗದಗಳು ತೋರಿಸುತ್ತಿರುವ ಸಂಗತಿಯೊಂದನ್ನು ತಮ್ಮ ಗಮನಕ್ಕೆ ತರುವುದಷ್ಟೇ ಉದ್ದೇಶ. ಹಿಂದೆಲ್ಲ ನನ್ನಲ್ಲಿಗೆ ಬರುತ್ತಿದ್ದವರು ಅಡಿಕೆ ವಹಿವಾಟಿನವರು, ಕಿರಾಣಿ ಅಂಗಡಿಯವರು, ಶಾಲಾ ಶಿಕ್ಷಕರು. ಈಚೆಗೆ ಜೂನ್ ಬಂತೆಂದರೆ ಇಪ್ಪತ್ತೈದು ಮೂವತ್ತರ ಆಸುಪಾಸಿನ ಹುಡುಗ ಹುಡುಗಿಯರೂ ಬರತೊಡಗಿದ್ದಾರೆ: ರಕ್ತಪರೀಕ್ಷಾ ಕೇಂದ್ರಗಳ ತಂತ್ರಜ್ಞರು, ಗೋಕರ್ಣ, ಮುರ್ಡೇಶ್ವರದ ರೆಸಾರ್ಟುಗಳಲ್ಲಿ ರಿಸೆಪ್ಷನ್ ನೋಡಿಕೊಳ್ಳುವವರು, ವಾಹನ ಶೋರೂಮುಗಳ ಮಾರಾಟದವರು. ಎಲ್ಲರೂ ಬೆಳಿಗ್ಗೆ ಗೊತ್ತಾದ ಹೊತ್ತಿಗೆ ಹೋಗಿ ಸಂಜೆ ಬಿಟ್ಟ ಮೇಲೆ ಬರುವ ಕೆಲಸದವರೇ. ಆದರೂ ಸಂಬಳದಾರರಿಗೆ ಮಾಲೀಕರು ಕೊಡುವ ಫಾರ್ಮ್ 16 ಇವರ ಕೈಯಲ್ಲಿ ಇರುವುದಿಲ್ಲ. ಇರುವುದು ಸಂಬಳವಲ್ಲದ ಪಾವತಿಯ ತೆರಿಗೆ ಕಡಿತಕ್ಕೆ ಕೊಡುವ ಫಾರ್ಮ್ 16ಎ. ಅದರಲ್ಲಿ ನಮೂದಾಗಿರುವುದು 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 194ಜೆ, ಅಂದರೆ ವಕೀಲರಿಗೆ, ವೈದ್ಯರಿಗೆ, ಎಂಜಿನಿಯರುಗಳಿಗೆ ಕೊಡುವ ವೃತ್ತಿ ಶುಲ್ಕಕ್ಕೆ ಅನ್ವಯಿಸುವ ಕಲಂ.

2024–25ರ ಸಾಲಿನ ರಿಟರ್ನಿಗೆಂದು ಬಂದ ಒಬ್ಬ ಪ್ರಯೋಗಾಲಯ ತಂತ್ರಜ್ಞೆಯ ಕಾಗದಗಳನ್ನು ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಆಕೆಯ ಹೆಸರನ್ನಾಗಲಿ ಸಂಸ್ಥೆಯ ಹೆಸರನ್ನಾಗಲಿ ಬರೆಯುವಂತಿಲ್ಲ. ಬರೆದರೆ ಮರುದಿನವೇ ಆಕೆಯ ಕೆಲಸ ಹೋದೀತು, ಹೋದದ್ದಕ್ಕೆ ಯಾರೂ ಕಾರಣ ಕೊಡಬೇಕಾಗಿಯೂ ಇಲ್ಲ. ಗೊತ್ತುಪಡಿಸಿದ ಹಣ ತಿಂಗಳಿಗೆ 18,000 ರೂಪಾಯಿ. ಬೆಳಿಗ್ಗೆ ಏಳೂವರೆಯೊಳಗೆ ಹೆಬ್ಬೆಟ್ಟಿನ ಯಂತ್ರಕ್ಕೆ ಬೆರಳು ಒತ್ತಬೇಕು. ತೊಡುವ ಕೋಟಿನ ಮೇಲೆ ಸಂಸ್ಥೆಯ ಲಾಂಛನ, ಯಂತ್ರ ಸಂಸ್ಥೆಯದು, ರಾಸಾಯನಿಕ ಸಂಸ್ಥೆಯದು, ರಜೆ ಬೇಕಿದ್ದರೆ ಎರಡು ದಿನ ಮೊದಲೇ ಅರ್ಜಿ. ತಿಂಗಳ ಕೊನೆಗೆ ಮಾತ್ರ ಆಕೆ ಇದ್ದಕ್ಕಿದ್ದಂತೆ ಸ್ವತಂತ್ರ ವೃತ್ತಿಪರಳಾಗಿ ‘ಸೇವಾ ಶುಲ್ಕದ ಬಿಲ್’ ಕೊಡಬೇಕು. ಆ ಬಿಲ್ಲನ್ನು ಮುದ್ರಿಸುವುದು ಸಂಸ್ಥೆಯ ಲೆಕ್ಕದ ವಿಭಾಗ; ಆಕೆಯದು ಸಹಿ ಮಾತ್ರ. ಕಂತೆಯನ್ನು ತಿರುವಿ ನೋಡಿದರೆ 1ರಿಂದ 12ರವರೆಗೆ ಕ್ರಮಸಂಖ್ಯೆ, ಹನ್ನೆರಡಕ್ಕೂ ಒಬ್ಬನೇ ಗಿರಾಕಿ. ನವೆಂಬರ್ ತಿಂಗಳ ಬಿಲ್ಲಿನಲ್ಲಿ ಆಕೆಯ ವಿಳಾಸದ ಜಾಗದಲ್ಲಿ ಇನ್ನೊಬ್ಬ ತಂತ್ರಜ್ಞನ ವಿಳಾಸ ಉಳಿದುಕೊಂಡಿತ್ತು. ಎರಡು ಬಿಲ್ಲುಗಳಲ್ಲಿ ‘ತಡವಾಗಿ ಬಂದದ್ದಕ್ಕೆ ಅರ್ಧ ದಿನ ಕಡಿತ’ ಎಂಬ ಸಾಲಿತ್ತು. ತಾನು ಕೊಡುವ ಬಿಲ್ಲಿನಲ್ಲಿ ತಾನೇ ಹೀಗೆ ದಂಡ ಹಾಕಿಕೊಳ್ಳುವ ವಕೀಲರನ್ನಾಗಲಿ ವೈದ್ಯರನ್ನಾಗಲಿ ನಾನು ಈವರೆಗೆ ಕಂಡಿಲ್ಲ.

ಇದರ ಹಿಂದಿನ ಲೆಕ್ಕವನ್ನು ತಾವು ದಯವಿಟ್ಟು ಗಮನಿಸಬೇಕು. 194ಜೆ ಅಡಿ ಶೇ 10ರಂತೆ ಆಕೆಯ ಹಣದಿಂದ ತಿಂಗಳಿಗೆ 1,800 ರೂಪಾಯಿ ಟಿಡಿಎಸ್ (ಹಣ ಕೈಸೇರುವ ಮೊದಲೇ ಮುರಿದುಕೊಳ್ಳುವ ತೆರಿಗೆ) ಕಡಿತವಾಗುತ್ತಿತ್ತು. ವರ್ಷಕ್ಕೆ ಎರಡು ಲಕ್ಷ ಚಿಲ್ಲರೆ ದುಡಿಯುವವರು ತೆರಿಗೆಯ ವ್ಯಾಪ್ತಿಗೇ ಬರುವುದಿಲ್ಲವಾದ್ದರಿಂದ, ರಿಟರ್ನ್ ಸಲ್ಲಿಸಿ, ಕಾದು, ತನ್ನದೇ ಹಣವನ್ನು ಮರಳಿ ಪಡೆಯಬೇಕು. ಅದಕ್ಕೆ ನನ್ನಂಥವನಿಗೆ ಕೊಡುವ ಫೀಜು ಬೇರೆ. ಅದೇ ಆಕೆಯನ್ನು ನೌಕರಿಯವಳೆಂದು ಒಪ್ಪಿ, ಭವಿಷ್ಯ ನಿಧಿಗೆ ಹಿಡಿಯುವ ವೇತನ 15,000 ಎಂದಿಟ್ಟುಕೊಂಡರೆ, ಆಕೆಯ ಪಾಲಿನ ಶೇ 12 ಕೂಡ ಸರಿಯಾಗಿ 1,800 ರೂಪಾಯಿಯೇ ಆಗುತ್ತಿತ್ತು. ಆಗ ಮಾಲೀಕರೂ ಅಷ್ಟೇ ಮೊತ್ತ ಸೇರಿಸಬೇಕಾಗುತ್ತಿತ್ತು, ಆಕೆಯ ಹೆಸರಿನಲ್ಲಿ ಒಂದು ಗಂಟು ಬೆಳೆಯುತ್ತಿತ್ತು. ಇಎಸ್‌ಐಗೆ (ನೌಕರರ ರಾಜ್ಯ ವಿಮೆಗೆ) ಆಕೆಯ ಪಾಲು ಶೇ 0.75, ಅಂದರೆ 135 ರೂಪಾಯಿ. ಮಾಲೀಕರದು ಶೇ 3.25, ಅಂದರೆ 585 ರೂಪಾಯಿ. ಈ 720 ರೂಪಾಯಿಗೆ ಆಕೆಗೂ ಅವಲಂಬಿತರಿಗೂ ಚಿಕಿತ್ಸೆ, ಕಾಯಿಲೆ ಬಿದ್ದ ದಿನಗಳಿಗೆ ಭತ್ಯೆ, ಹೆರಿಗೆಗೆ 26 ವಾರಗಳ ಸೌಲಭ್ಯ ಸಿಗಬಹುದಾಗಿತ್ತು. ದೊಡ್ಡ ಕಾಯಿಲೆಗೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಇಲ್ಲವೇ ಗೋವಾದ ದಾರಿ ಹಿಡಿಯಬೇಕಾದ, ಸುಸಜ್ಜಿತ ಆಸ್ಪತ್ರೆಗಾಗಿ ಜನ ಬೀದಿಗಿಳಿದು ಕೇಳಿದರೂ ಕೊರಗು ತೀರದ ಈ ಜಿಲ್ಲೆಯಲ್ಲಿ ಅದು ಸಣ್ಣ ವಿಷಯವಲ್ಲ.

ಇದೇ ಬಗೆಯ ಒಪ್ಪಂದದ ಮೇಲೆ ಸಿದ್ದಾಪುರ, ಬನವಾಸಿ ಕಡೆಯ ಊರುಗಳಿಂದ ರಕ್ತದ ಮಾದರಿ ತರುತ್ತಿದ್ದ ಯುವಕನೊಬ್ಬ ಮಳೆಯಲ್ಲಿ ಬೈಕ್ ಜಾರಿ ಬಿದ್ದು ಕಾಲು ಮುರಿದುಕೊಂಡಾಗ, ‘ಅವರು ನಮ್ಮ ನೌಕರರಲ್ಲ’ ಎಂಬ ಒಂದು ಸಾಲಿನ ಉತ್ತರ ಬಂತು. ಬಿದ್ದಾಗ ಅವನ ಬೆನ್ನಿಗಿದ್ದ ಮಾದರಿಗಳ ಪೆಟ್ಟಿಗೆ ಮಾತ್ರ ಸಂಸ್ಥೆಯದೇ ಆಗಿತ್ತು.

ನಿಜವಾದ ಸ್ವಯಂ ಉದ್ಯೋಗಿ ಎಂದರೆ ಯಾರೆಂದು ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಡಿಕೆ ಕೊಯ್ಲಿನ ಕಾಲದಲ್ಲಿ ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡರ ಮನೆಗೆ ತೋಟದ ಯಜಮಾನರೇ ಹೋಗಿ ಕೇಳಿಕೊಳ್ಳಬೇಕು. ಯಾರ ತೋಟಕ್ಕೆ ಮೊದಲು, ಯಾವ ದಿನ, ಎಷ್ಟು ದರಕ್ಕೆ ಎಂಬುದನ್ನು ಅವರು ತೀರ್ಮಾನಿಸುತ್ತಾರೆ; ಮನಸ್ಸಿಲ್ಲದಿದ್ದರೆ ಬರುವುದಿಲ್ಲ. ಅವರಿಗೆ ಹೆಬ್ಬೆಟ್ಟು ಒತ್ತಲು ಹೇಳುವ ಧೈರ್ಯ ಶಿರಸಿ ಸೀಮೆಯಲ್ಲಿ ಯಾರಿಗೂ ಇಲ್ಲ. (ಮರ ಹತ್ತುವ ಅವರಿಗೂ ಅಪಘಾತ ವಿಮೆಯ ಭದ್ರತೆ ಬೇಕೇ ಬೇಕು, ಆದರೆ ಅದು ಬೇರೆ ಪತ್ರದ ವಿಷಯ.) ನಾನು ಕೂಡ ಹತ್ತಾರು ಮಂದಿಯ ಲೆಕ್ಕ ಬರೆಯುವ, ಬೇಡವೆನಿಸಿದ ಕೆಲಸವನ್ನು ಬಿಡುವ ಸ್ವಯಂ ಉದ್ಯೋಗಿಯೇ. ಆ ತಂತ್ರಜ್ಞೆಗೆ ಇದರಲ್ಲಿ ಒಂದೂ ಅನ್ವಯಿಸುವುದಿಲ್ಲ.

ನ್ಯಾಯಾಲಯಗಳೂ ಈ ಭೇದವನ್ನು ಬಹಳ ಹಿಂದೆಯೇ ಗುರುತಿಸಿವೆ. ಸೌರಾಷ್ಟ್ರದ ಧ್ರಾಂಗಧ್ರಾದ ಕಂಪನಿಯೊಂದರ ಉಪ್ಪಿನಾಗರಗಳಲ್ಲಿ ದುಡಿಯುತ್ತಿದ್ದ ಅಗರಿಯಾಗಳು ಉತ್ಪತ್ತಿಯ ತೂಕಕ್ಕೆ ಹಣ ಪಡೆಯುತ್ತಿದ್ದರು, ಸಹಾಯಕ್ಕೆ ತಮ್ಮವರನ್ನು ಇಟ್ಟುಕೊಳ್ಳುತ್ತಿದ್ದರು, ಕಂಪನಿ ಅವರನ್ನು ಗುತ್ತಿಗೆದಾರರೆಂದೇ ಕರೆಯಿತು; ಆದರೂ ಅವರು ಕಾರ್ಮಿಕರೆಂಬ ತೀರ್ಮಾನವನ್ನು ಸುಪ್ರೀಂ ಕೋರ್ಟ್ 1956ರಲ್ಲಿ ಎತ್ತಿಹಿಡಿಯಿತು. ಗೋಕರ್ಣದ ಪಕ್ಕದ ಸಾಣಿಕಟ್ಟಾದ ಆಗರಗಳನ್ನು ನೋಡಿದವರಿಗೆ ಆ ದುಡಿಮೆ ಎಂಥದ್ದೆಂಬುದು ತಿಳಿದಿದೆ. 1973ರಲ್ಲಿ ಸಿಲ್ವರ್ ಜುಬಿಲಿ ಟೈಲರಿಂಗ್ ಹೌಸ್ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಹೊಲಿದ ಬಟ್ಟೆಯ ಲೆಕ್ಕದಲ್ಲಿ ಕೂಲಿ ಪಡೆಯುತ್ತಿದ್ದ ದರ್ಜಿಗಳೂ ಅಂಗಡಿಯ ನೌಕರರೇ ಎಂದಿತು. ಯಂತ್ರ ಅಂಗಡಿಯದು, ಹೊಲಿಗೆ ಸರಿಯಿಲ್ಲವೆಂದು ತಿರಸ್ಕರಿಸುವ ಅಧಿಕಾರ ಅಂಗಡಿಯವನದು ಎಂಬುದನ್ನು ಅದು ಮುಖ್ಯವಾಗಿ ಪರಿಗಣಿಸಿತು. ಹೀಗಿರುವಾಗ ಕೊರತೆ ಕಾನೂನಿನಲ್ಲಿಲ್ಲ, ಅದನ್ನು ಜಾರಿ ಮಾಡುವ ರೀತಿಯಲ್ಲಿದೆ: ಕಾನೂನು ತನ್ನ ಪರವಾಗಿದೆಯೆಂದು ಸಾಬೀತು ಮಾಡುವ ಹೊರೆಯನ್ನು 18,000 ರೂಪಾಯಿಯ ಒಬ್ಬಂಟಿ ದುಡಿಮೆಗಾರರ ಮೇಲೆ ಹಾಕಿ ನಾವು ಸುಮ್ಮನಿದ್ದೇವೆ.

ಮಾಲೀಕರ ಕಡೆಯ ಮಾತನ್ನೂ ಹೇಳಬೇಕು, ಅವರಲ್ಲಿ ಕೆಲವರು ನನ್ನ ಗಿರಾಕಿಗಳೇ. ಮಳೆಗಾಲದ ತಿಂಗಳುಗಳಲ್ಲಿ ಕರಾವಳಿಯ ರೆಸಾರ್ಟುಗಳಿಗೆ ವ್ಯಾಪಾರ ಇರುವುದಿಲ್ಲ, 2024ರ ಜುಲೈಯಲ್ಲಿ ಶಿರೂರಿನ ಗುಡ್ಡ ಕುಸಿದ ಮೇಲಂತೂ ಹೆದ್ದಾರಿಯನ್ನು ನಂಬಿದ ವಹಿವಾಟು ಕಂಗೆಟ್ಟಿತ್ತು. ‘ಪಿಎಫ್ ಕಟ್ಟಾಗಿ ಕೈಗೆ ಬರುವ ಪಗಾರ ಕಡಿಮೆಯಾಗುವುದು ಬೇಡ’ ಎಂದು ಕೆಲಸಕ್ಕೆ ಸೇರುವವರೇ ಹೇಳುವುದೂ ಉಂಟು. ಇವೆಲ್ಲ ನಿಜ. ಆದರೆ ಇದಕ್ಕಿಂತ ದೊಡ್ಡ ಕಾರಣ ತಲೆಯೆಣಿಕೆಯಲ್ಲಿದೆ. ಇಎಸ್‌ಐಗೆ ಹತ್ತು ಜನ, ಭವಿಷ್ಯ ನಿಧಿಗೆ ಇಪ್ಪತ್ತು ಜನ ಕನಿಷ್ಠ ಇರಬೇಕೆಂಬ ಮಿತಿಯಿರುವುದರಿಂದ, ಇಪ್ಪತ್ತೆರಡು ಮಂದಿ ದುಡಿಯುವಲ್ಲಿ ಆರು ಮಂದಿಯನ್ನು ಮೊದಲಿನಿಂದಲೇ ‘ವೃತ್ತಿಪರ’ರನ್ನಾಗಿ ಮಾಡಿದರೆ ಉಳಿದ ಹದಿನಾರು ಮಂದಿಯೂ ಭವಿಷ್ಯ ನಿಧಿಯಿಂದ ಹೊರಗೆ ಬೀಳುತ್ತಾರೆ. ಆರು ಜನರ ಬಿಲ್ಲಿನಿಂದ ಇಪ್ಪತ್ತೆರಡು ಜನರಿಗೆ ನಷ್ಟ. ಇದನ್ನು ಲೆಕ್ಕ ಬಲ್ಲವರೇ ಹೇಳಿಕೊಡುತ್ತಾರೆ ಎಂಬುದನ್ನು ನಮ್ಮ ವೃತ್ತಿಯವರ ಪರವಾಗಿ ನಾಚಿಕೆಯಿಂದಲೇ ಬರೆಯುತ್ತಿದ್ದೇನೆ.

ಆ್ಯಪ್ ಆಧಾರಿತ ಗಿಗ್ ಕಾರ್ಮಿಕರಿಗಾಗಿ ರಾಜ್ಯ ಸರ್ಕಾರ 2025ರಲ್ಲಿ ಕಾನೂನು ತಂದದ್ದು, ಪ್ರತಿ ವಹಿವಾಟಿನಲ್ಲಿ ಕಾರ್ಮಿಕರಿಗೆ ಸಲ್ಲುವ ಮೊತ್ತದ ಶೇ 1ರಿಂದ 5ರಷ್ಟನ್ನು ಕಂಪನಿಗಳಿಂದ ಕಲ್ಯಾಣ ಶುಲ್ಕವಾಗಿ ಪಡೆಯಲು ಅವಕಾಶ ಮಾಡಿದ್ದು ಶ್ಲಾಘನೀಯ. ಆದರೆ ನಾನು ಹೇಳುತ್ತಿರುವವರು ಆ ಕಾನೂನಿನೊಳಗೂ ಇಲ್ಲ. ಅವರು ಕೆಲಸ ಮಾಡುವುದು ಆ್ಯಪಿಗಲ್ಲ, ಎದುರಿಗೇ ಕುಳಿತ ಮಾಲೀಕರಿಗೆ. ನಾಳೆ ಹಾಜರಿಗೊಂದು ಆ್ಯಪ್ ಮಾಡಿಕೊಂಡು ‘ಇವರೂ ಗಿಗ್ ಕಾರ್ಮಿಕರೇ’ ಎನ್ನುವವರು ಹುಟ್ಟಿಕೊಳ್ಳದಂತೆ ಇಲಾಖೆ ಈಗಲೇ ಎಚ್ಚರ ವಹಿಸಬೇಕು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೇಂದ್ರದ ಕಾರ್ಮಿಕ ಸಂಹಿತೆಗಳು ಪ್ರತಿ ನೌಕರನಿಗೂ ನೇಮಕಾತಿ ಪತ್ರ ಕಡ್ಡಾಯವೆನ್ನುತ್ತವೆ. ನೌಕರನೇ ಅಲ್ಲವೆಂದು ಮೊದಲೇ ಬರೆಸಿಕೊಂಡವರಿಗೆ ಆ ಕಡ್ಡಾಯದಿಂದ ಬರುವುದೇನೂ ಇಲ್ಲ.

ಆದ್ದರಿಂದ ನನ್ನ ಬೇಡಿಕೆ ಹೊಸ ಕಾನೂನಿನದಲ್ಲ. ಕಾರ್ಮಿಕ ನಿರೀಕ್ಷಕರು ಸಂಸ್ಥೆಗೆ ಹೋದಾಗ ಒಪ್ಪಂದದ ತಲೆಬರಹವನ್ನು ಬಿಟ್ಟು ಹಾಜರಿ ಯಂತ್ರದ ದಾಖಲೆ, ಪಾಳಿಯ ಪಟ್ಟಿ, ರಜೆ ಅರ್ಜಿಗಳನ್ನು ಮೊದಲು ನೋಡಬೇಕೆಂದೂ, ಹಾಜರಿಯಲ್ಲಿ ಹೆಸರಿದ್ದು ಒಂದೇ ಸಂಸ್ಥೆಗೆ ತಿಂಗಳು ತಿಂಗಳು ಬಿಲ್ ಕೊಡುವವರು ನೌಕರರಲ್ಲವೆಂಬುದಕ್ಕೆ ಮಾಲೀಕರಿಂದಲೇ ವಿವರಣೆ ಪಡೆಯಬೇಕೆಂದೂ ತಾವು ಸುತ್ತೋಲೆ ಹೊರಡಿಸಬೇಕು. ಭವಿಷ್ಯ ನಿಧಿ, ಇಎಸ್‌ಐ ಕೇಂದ್ರದ ವ್ಯಾಪ್ತಿಯವು ಎಂಬ ಉತ್ತರ ಬರಬಹುದು. ಆದರೆ ಕನಿಷ್ಠ ವೇತನದ ಜಾರಿ, 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿಯ ವಾರದ ರಜೆ, ಸಂಬಳಸಹಿತ ರಜೆಗಳು ತಮ್ಮ ಇಲಾಖೆಯವೇ, ಮತ್ತು ಒಮ್ಮೆ ತಮ್ಮ ಇಲಾಖೆಯಲ್ಲಿ ನೌಕರರೆಂದು ದಾಖಲಾದವರನ್ನು ಕೇಂದ್ರದ ಆ ಯೋಜನೆಗಳಿಗೆ ನೌಕರರಲ್ಲವೆನ್ನುವುದು ಮಾಲೀಕರಿಗೆ ಕಷ್ಟವಾಗುತ್ತದೆ. ತಪಾಸಣೆಯನ್ನು ಖಾಸಗಿ ಆಸ್ಪತ್ರೆ ಹಾಗೂ ಪರೀಕ್ಷಾ ಕೇಂದ್ರಗಳಿಂದ ಆರಂಭಿಸಿದರೆ ಒಳ್ಳೆಯದು. ದೂರು ಕೊಟ್ಟವರ ಹೆಸರು ಸಂಸ್ಥೆಗೆ ತಿಳಿಯದಂತೆ ನೋಡಿಕೊಳ್ಳುವುದು ಎಲ್ಲಕ್ಕಿಂತ ಮುಖ್ಯ. ನಮ್ಮದು ಚಿಕ್ಕ ಊರು, ಕಾರವಾರದಲ್ಲಿ ಕೊಟ್ಟ ಅರ್ಜಿಯ ಸುದ್ದಿ ಅರ್ಜಿದಾರರು ಘಟ್ಟ ಹತ್ತಿ ಮನೆ ಸೇರುವ ಮೊದಲೇ ಶಿರಸಿ ತಲುಪಿರುತ್ತದೆ.

ಇಲಾಖೆಯ ಅಧಿಕಾರಿಗಳು ಕರೆದರೆ, ಸಂಬಂಧಪಟ್ಟವರ ಒಪ್ಪಿಗೆ ಪಡೆದು ಹೆಸರುಗಳನ್ನು ಮರೆಮಾಡಿ, ಇಂಥ ಬಿಲ್ಲುಗಳ ಮತ್ತು ಫಾರ್ಮ್ 16ಎಗಳ ಪ್ರತಿಗಳನ್ನು ತೋರಿಸಲು ನಾನು ಕಾರವಾರಕ್ಕೆ ಬರಲು ಸಿದ್ಧನಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ಶಿರಸಿಯ ಒಬ್ಬ ತೆರಿಗೆ ಸಲಹೆಗಾರ